ಹಿಚ್ಚಮ್ ಗ್ರಾಮದ ಗುರು

ವಿದ್ಯೆಯನ್ನು ಸಂಪಾದಿಸುವವರು ಅನೇಕರು. ಸಂಪಾದಿಸಿದ ವಿದ್ಯೆಯನ್ನು ಪಂಡಿತರ ಸಭೆಯಲ್ಲಿ ಮೆರೆಯಿಸುವವರೂ ಉಂಟು. ಆದರೆ ಅದನ್ನು ಉಳುವವನ ಹೊಲಕ್ಕೂ ಕೂಲಿಯವನ ಮಗುವಿನ ಕೈಗೂ ತಲುಪಿಸುವವರು ವಿರಳ. ಅಂತಹ ವಿರಳರಲ್ಲಿ ಜಾನ್ ಸ್ಟೀವನ್ಸ್ ಹೆನ್ಸ್ಲೋ ಒಬ್ಬನು. ಲೋಕವು ಆತನನ್ನು ಚಾರ್ಲ್ಸ್ ಡಾರ್ವಿನ್ನನ ಗುರುವೆಂದು ನೆನೆಯುತ್ತದೆ. ಅದು ಸಣ್ಣ ಕೀರ್ತಿಯಲ್ಲ. ಆದರೂ ಆತನು ತನ್ನ ಬಾಳಿನ ಕೊನೆಯ 22 ವರ್ಷಗಳನ್ನು ಇಂಗ್ಲೆಂಡಿನ ಒಂದು ಬಡ ಹಳ್ಳಿಯಲ್ಲಿ ಕಳೆದ ಬಗೆಯನ್ನು ತಿಳಿದಾಗಲೇ ಆತನ ದೊಡ್ಡತನದ ಪೂರ್ಣ ಪರಿಚಯವಾಗುತ್ತದೆ.

ಹೆನ್ಸ್ಲೋ 1796ರ ಫೆಬ್ರವರಿ 6ರಂದು ಕೆಂಟ್ ಪ್ರಾಂತದ ರಾಚೆಸ್ಟರಿನಲ್ಲಿ ಜನಿಸಿದನು. ಬಾಲ್ಯದಿಂದಲೂ ಆತನಿಗೆ ಪ್ರಕೃತಿಯಲ್ಲಿ ಬಲು ಆಸಕ್ತಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, 1822ರಲ್ಲಿ, ಇಪ್ಪತ್ತಾರರ ಹರೆಯದಲ್ಲಿಯೇ, ಅಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕನಾದನು. 1825ರಲ್ಲಿ ಸಸ್ಯಶಾಸ್ತ್ರದ ಪೀಠವೂ ಆತನಿಗೆ ದೊರೆಯಿತು. ಇದರ ನಡುವೆ, 1824ರಲ್ಲಿ, ಆತನು ಕ್ರೈಸ್ತ ಧರ್ಮಗುರುವಿನ ದೀಕ್ಷೆಯನ್ನೂ ಪಡೆದನು. ಆ ಕಾಲದ ಇಂಗ್ಲೆಂಡಿನಲ್ಲಿ ವಿದ್ವಾಂಸರು ಧರ್ಮಗುರುಗಳೂ ಆಗಿರುವುದು ಸಾಮಾನ್ಯವಾಗಿತ್ತು.

ಹೆನ್ಸ್ಲೋ ಪಾಠ ಹೇಳುವ ಕ್ರಮವೇ ಹೊಸತಾಗಿತ್ತು. ಆತನು ಶಿಷ್ಯರ ಕೈಗೆ ಹೂವನ್ನೇ ಕೊಟ್ಟು, ಅದರ ಭಾಗಗಳನ್ನು ಅವರೇ ಬಿಡಿಸಿ ನೋಡುವಂತೆ ಮಾಡುತ್ತಿದ್ದನು. ಅವರನ್ನು ಕರೆದುಕೊಂಡು ಹೊಲಗಳಲ್ಲಿಯೂ ಜೌಗುಭೂಮಿಯಲ್ಲಿಯೂ ಸಂಚರಿಸುತ್ತಿದ್ದನು. ವಾರಕ್ಕೊಮ್ಮೆ ಆತನ ಮನೆಯಲ್ಲಿ ವಿದ್ಯಾರ್ಥಿಗಳೂ ವಿದ್ವಾಂಸರೂ ಒಟ್ಟಿಗೆ ಕಲೆಯುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ತರುಣರಲ್ಲಿ ಡಾರ್ವಿನ್ನನೂ ಒಬ್ಬನು. ಗುರುಶಿಷ್ಯರು ಪ್ರತಿನಿತ್ಯವೆಂಬಂತೆ ಜೊತೆಯಾಗಿ ತಿರುಗಾಡುತ್ತಿದ್ದುದರಿಂದ, ಹೆನ್ಸ್ಲೋ ಜೊತೆ ನಡೆಯುವ ಹುಡುಗನೆಂದೇ ಡಾರ್ವಿನ್ ಹೆಸರಾಗಿದ್ದನು.

1831ರಲ್ಲಿ ಬೀಗಲ್ ಎಂಬ ಹಡಗು ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆಯಲು ಹೊರಡುವುದರಲ್ಲಿತ್ತು. ಅದಕ್ಕೆ ಒಬ್ಬ ಪ್ರಕೃತಿವಿಜ್ಞಾನಿ ಬೇಕಾಗಿದ್ದನು. ಹೆನ್ಸ್ಲೋಗೇ ಹೋಗಬೇಕೆಂಬ ಆಸೆಯಿತ್ತು. ಆದರೆ ಮಡದಿಯ ಬಾಡಿದ ಮುಖವನ್ನು ಕಂಡು ಆತನು ಆ ಆಸೆಯನ್ನು ಕೈಬಿಟ್ಟನು. ಆತನ ಮೈದುನನಾದ ಲೆನರ್ಡ್ ಜೆನಿನ್ಸನು ತನ್ನ ಗ್ರಾಮದ ಧರ್ಮಗುರುವಿನ ಹೊಣೆಯನ್ನು ಬಿಟ್ಟು ಹೋಗಲಾರೆನೆಂದು ಹಿಂದೆಗೆದನು. ಆಗ ಹೆನ್ಸ್ಲೋ ತನ್ನ ಶಿಷ್ಯನ ಹೆಸರನ್ನು ಸೂಚಿಸಿದನು. ಹಳ್ಳಿಯೊಂದರ ಧರ್ಮಗುರುವಾಗಿ ಬಾಳಲು ಸಿದ್ಧನಾಗುತ್ತಿದ್ದ ಡಾರ್ವಿನ್ ಹೀಗೆ ಕಡಲ ಯಾನಕ್ಕೆ ಹೊರಟನು. ಐದು ವರ್ಷಗಳ ಕಾಲ ಆತನು ಕಳುಹಿಸಿದ ಸಸ್ಯ, ಪ್ರಾಣಿ, ಶಿಲೆಗಳ ಪೆಟ್ಟಿಗೆಗಳನ್ನು ಹೆನ್ಸ್ಲೋ ಜೋಪಾನವಾಗಿ ಕಾಯ್ದಿರಿಸಿದನು. ಶಿಷ್ಯನ ಕಾಗದಗಳ ಆಯ್ದ ಭಾಗಗಳನ್ನು ಅಚ್ಚು ಹಾಕಿಸಿ, ಆತನು ಹಿಂದಿರುಗುವ ಮೊದಲೇ ಆತನ ಹೆಸರು ವಿದ್ವಾಂಸರಿಗೆ ತಿಳಿಯುವಂತೆ ಮಾಡಿದನು.

ಶಿಷ್ಯನು ಕೀರ್ತಿಯ ಹಾದಿಯನ್ನು ಹಿಡಿದನು. ಗುರುವು ಹಳ್ಳಿಯ ಹಾದಿಯನ್ನು ಹಿಡಿದನು. 1837ರಲ್ಲಿ ಹೆನ್ಸ್ಲೋಗೆ ಸಫಕ್ ಪ್ರಾಂತದ ಹಿಚ್ಚಮ್ ಗ್ರಾಮದ ರೆಕ್ಟರ್, ಎಂದರೆ ಮುಖ್ಯ ಧರ್ಮಗುರುವಿನ ಸ್ಥಾನ ದೊರೆಯಿತು. ಅದೇ ವರ್ಷ ವಿಕ್ಟೋರಿಯಾ ರಾಣಿಯು ಪಟ್ಟಕ್ಕೆ ಬಂದಳು. ಆಗಿನ ಇಂಗ್ಲೆಂಡಿನಲ್ಲಿ ಒಂದು ಚರ್ಚಿಗೆ ಸೇರಿದ ಗ್ರಾಮವಲಯವನ್ನು ಪ್ಯಾರಿಷ್ ಎಂದು ಕರೆಯುತ್ತಿದ್ದರು. ಬಡವರ ಪೋಷಣೆ, ಮಕ್ಕಳ ಶಿಕ್ಷಣ ಮೊದಲಾದ ಕಾರ್ಯಗಳಲ್ಲಿ ಅಲ್ಲಿನ ರೆಕ್ಟರನ ಮಾತಿಗೆ ಬೆಲೆಯಿತ್ತು. ಹಿಚ್ಚಮ್ ಪ್ಯಾರಿಷಿನಿಂದ ರೆಕ್ಟರನಿಗೆ ವರ್ಷಕ್ಕೆ ಸಾವಿರ ಪೌಂಡಿಗೂ ಮಿಕ್ಕ ಆದಾಯ ಬರುತ್ತಿತ್ತು. ಅಂತಹ ಸ್ಥಾನವನ್ನು ಪಡೆದ ಕೆಲವರು ಅಲ್ಪ ಸಂಬಳಕ್ಕೆ ಒಬ್ಬ ಸಹಾಯಕನನ್ನು ನೇಮಿಸಿ, ತಾವು ನಗರದಲ್ಲಿ ಸುಖವಾಗಿರುತ್ತಿದ್ದರು. ಹೆನ್ಸ್ಲೋ ಹಾಗೆ ಮಾಡಲಿಲ್ಲ. 1839ರಲ್ಲಿ ಆತನು ಸಂಸಾರದೊಡನೆ ಹಿಚ್ಚಮ್‌ಗೆ ಬಂದು ನೆಲೆಸಿದನು. ವರ್ಷಕ್ಕೊಮ್ಮೆ ಕೇಂಬ್ರಿಜ್‌ಗೆ ಹೋಗಿ ಉಪನ್ಯಾಸಗಳನ್ನು ಮುಗಿಸಿಕೊಂಡು ಹಳ್ಳಿಗೆ ಮರಳುತ್ತಿದ್ದನು.

ಆತನ ಕಣ್ಣಿಗೆ ಬಿದ್ದ ಹಳ್ಳಿಯ ಸ್ಥಿತಿ ಶೋಚನೀಯವಾಗಿತ್ತು. ಅಲ್ಲಿದ್ದ ಸಾವಿರದಷ್ಟು ಜನರಲ್ಲಿ ಬಹುಪಾಲು ಕೂಲಿಗಾರರು. ಸಫಕ್ ಪ್ರಾಂತದಲ್ಲಿ ಬೇಸಾಯದ ಕೂಲಿಯು ವಾರಕ್ಕೆ ಏಳೆಂಟು ಷಿಲಿಂಗ್‌ಗಳನ್ನು ಮೀರುತ್ತಿರಲಿಲ್ಲ. ವರ್ಷವೆಲ್ಲ ದುಡಿದರೂ ಒಂದು ಕುಟುಂಬಕ್ಕೆ ದಕ್ಕುತ್ತಿದ್ದುದು 20 ಪೌಂಡಿನಷ್ಟು ಮಾತ್ರ. ಹಸಿವು ಇದ್ದಲ್ಲಿ ಅಪರಾಧವೂ ಇರುತ್ತದೆ. ಕುರಿಗಳ್ಳತನ, ಕದ್ದು ಬೇಟೆಯಾಡುವುದು, ಕುಡಿತ ಇವು ಹಳ್ಳಿಯಲ್ಲಿ ಹೆಚ್ಚಿದ್ದವು. 1844ರ ಸುಮಾರಿಗೆ ಸಫಕ್ಕಿನಲ್ಲಿ ರೊಚ್ಚಿಗೆದ್ದವರು ರೈತರ ಬಣವೆಗಳಿಗೆ ಬೆಂಕಿಯಿಡುತ್ತಿದ್ದರು. ಹಿಚ್ಚಮ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಬರುವವರೂ ವಿರಳರಾಗಿದ್ದರು. ಉಪದೇಶದಿಂದ ಮಾತ್ರ ಈ ಜನರನ್ನು ಮೇಲೆತ್ತಲು ಸಾಧ್ಯವಿಲ್ಲವೆಂಬುದನ್ನು ಹೆನ್ಸ್ಲೋ ಬೇಗನೆ ಕಂಡುಕೊಂಡನು.

ಆತನು ಮೊದಲು ಶಾಲೆಯ ಕಡೆ ಗಮನ ಕೊಟ್ಟನು. ದೇಶದ ಎಲ್ಲ ಮಕ್ಕಳಿಗೂ ಶಾಲೆಯನ್ನು ಒದಗಿಸುವ ಕಾನೂನು ಇಂಗ್ಲೆಂಡಿನಲ್ಲಿ ಬಂದುದು 1870ರಲ್ಲಿ. ಅದಕ್ಕೆ ಬಹಳ ಮೊದಲೇ ಹೆನ್ಸ್ಲೋ ಹಿಚ್ಚಮ್‌ನಲ್ಲಿ ಶಾಲೆಯನ್ನು ಸ್ಥಾಪಿಸಿದನು. ಹಳ್ಳಿಯ ಜನರಿಗಾಗಿ ಆಟಗಳನ್ನೂ ಬಾಣಬಿರುಸುಗಳ ಪ್ರದರ್ಶನವನ್ನೂ ಏರ್ಪಡಿಸಿದನು. ಕುಡಿತದ ಮನೆಯ ಕಡೆಗೆ ತಿರುಗುತ್ತಿದ್ದ ಕಾಲುಗಳು ಮೆಲ್ಲಮೆಲ್ಲನೆ ರೆಕ್ಟರನ ಅಂಗಳದ ಕಡೆಗೆ ತಿರುಗಿದವು.

ಅನಂತರ ಆತನು ರೈತರ ಕಡೆ ನೋಡಿದನು. ಗೊಬ್ಬರದ ಗುಣವನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸಿ 1843ರಲ್ಲಿ ಸಫಕ್ಕಿನ ರೈತರಿಗೆ ಸಾಲು ಪತ್ರಗಳನ್ನು ಬರೆದು ಪ್ರಕಟಿಸಿದನು. ಅವರೇ ತಮ್ಮ ಹೊಲಗಳಲ್ಲಿ ಪ್ರಯೋಗ ಮಾಡುವಂತೆ ಹುರಿದುಂಬಿಸಿದನು. ಅದೇ ಕಾಲದಲ್ಲಿ ಫೀಲಿಕ್ಸ್‌ಸ್ಟೋ ಎಂಬ ಕಡಲತೀರದ ಊರಿನಲ್ಲಿ ದೊರೆತ ಕೆಲವು ಗಟ್ಟಿಯಾದ ಕಂದು ಉಂಡೆಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬೆಳೆಗಳಿಗೆ ಬೇಕಾದ ಫಾಸ್ಫೇಟ್ ಇರುವುದನ್ನು ಗುರುತಿಸಿದನು. ಆ ಉಂಡೆಗಳನ್ನು ಆಮ್ಲದಲ್ಲಿ ಕರಗಿಸಿ ಗೊಬ್ಬರ ತಯಾರಿಸುವ ದೊಡ್ಡ ಉದ್ಯಮವೇ ಆ ಪ್ರದೇಶದಲ್ಲಿ ಬೆಳೆಯಿತು. ಹೆನ್ಸ್ಲೋ ತನ್ನ ಶೋಧವನ್ನು ಮುಚ್ಚಿಡದೆ ಎಲ್ಲರ ಮುಂದಿರಿಸಿದನು.

ಆದರೆ ಕೂಲಿಗಾರರ ಪರವಾಗಿ ನಿಂತಾಗ ಆ ರೈತರೇ ಆತನಿಗೆ ಎದುರಾದರು. ಕೂಲಿಯವನಿಗೆ ತನ್ನದೆನ್ನುವ ಒಂದು ತುಂಡು ನೆಲವಿದ್ದರೆ ಅಲ್ಲಿ ತರಕಾರಿ ಬೆಳೆದುಕೊಂಡು ಮಾನದಿಂದ ಬಾಳಬಹುದೆಂದು ಹೆನ್ಸ್ಲೋ ನಂಬಿದ್ದನು. ಆದುದರಿಂದ ಜಮೀನನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿ ಕೂಲಿಗಾರರಿಗೆ ಗೇಣಿಗೆ ಕೊಡಿಸಿದನು. ರೈತರಿಗೆ ಇದು ಹಿಡಿಸಲಿಲ್ಲ. ತಮ್ಮ ಹೊಲದಲ್ಲಿ ಸವೆಯಬೇಕಾದ ಶಕ್ತಿಯನ್ನು ಕೂಲಿಗಾರರು ತಮ್ಮ ತುಂಡು ನೆಲದಲ್ಲಿ ಸವೆಸುವರೆಂದು ಅವರು ಹೆದರಿದರು. ನೆಲ ಪಡೆದ ಕೂಲಿಗಾರರಿಗೆ ಕೆಲಸವನ್ನೇ ಕೊಡುವುದಿಲ್ಲವೆಂದು ಒಂದು ಹಂತದಲ್ಲಿ ಅವರು ಕಟ್ಟು ಮಾಡಿಕೊಂಡರು. ಕೂಲಿಯೊಂದನ್ನೇ ನಂಬಿದ ಕುಟುಂಬಗಳಿಗೆ ಇದು ಅನ್ನವನ್ನೇ ಕಸಿದುಕೊಂಡಂತೆ. ಹೆನ್ಸ್ಲೋ ಹಿಂಜರಿಯಲಿಲ್ಲ, ಕೋಪಗೊಂಡು ಜಗಳಕ್ಕೂ ಇಳಿಯಲಿಲ್ಲ. ತನ್ನ ಪಕ್ಷವನ್ನು ಬರೆದು ಅಚ್ಚು ಹಾಕಿಸಿದನು; ತೋಟಗಳ ಬೆಳೆಯನ್ನು ಪ್ರದರ್ಶನಕ್ಕಿಟ್ಟನು; ಒಳ್ಳೆಯ ಬೆಳೆಗೆ ಬಹುಮಾನ ಕೊಟ್ಟನು. ಕೊನೆಗೆ ವಿರೋಧವೇ ತಣ್ಣಗಾಯಿತು; ತೋಟಗಳು ಉಳಿದುಕೊಂಡವು.

1850ರ ದಶಕದಲ್ಲಿ ಹಿಚ್ಚಮ್ ಶಾಲೆಯಲ್ಲಿ ಒಂದು ಅಪೂರ್ವ ಪ್ರಯೋಗ ನಡೆಯಿತು. ಪ್ರತಿ ಸೋಮವಾರ ಹೆನ್ಸ್ಲೋ ಕೂಲಿಗಾರರ ಮಕ್ಕಳಿಗೆ ಸಸ್ಯಶಾಸ್ತ್ರವನ್ನು ಬೋಧಿಸತೊಡಗಿದನು. ಈ ತರಗತಿಗೆ ಬರಬೇಕೆಂಬ ಕಡ್ಡಾಯವಿರಲಿಲ್ಲ. ಆದರೆ ಸೇರಬಯಸುವ ಮಗುವು ಕೆಲವು ಕಠಿಣವಾದ ಶಾಸ್ತ್ರಪದಗಳನ್ನು ತಪ್ಪಿಲ್ಲದೆ ಬರೆಯಲು ಮೊದಲು ಕಲಿಯಬೇಕಾಗಿತ್ತು. ಬೇಲಿಯ ಬದಿಯಿಂದಲೂ ಹಳ್ಳದ ದಡದಿಂದಲೂ ಮಕ್ಕಳು ಗಿಡಗಳನ್ನು ತರುತ್ತಿದ್ದರು. ಕೇಸರ, ಶಲಾಕೆ, ದಳಗಳನ್ನು ಬಿಡಿಸಿ ಎಣಿಸಿ ಗುರುತು ಹಾಕುತ್ತಿದ್ದರು. ಗಿಡದ ಹೆಸರನ್ನೂ ಅದರ ಕುಲವನ್ನೂ ತಾವೇ ಗೊತ್ತುಪಡಿಸುತ್ತಿದ್ದರು. ಕೇಂಬ್ರಿಜ್‌ನ ತರುಣರಿಗೆ ಕಲಿಸಿದ ವಿಧಾನವೇ ಹಳ್ಳಿಯ ಮಕ್ಕಳಿಗೂ ದೊರೆಯಿತು. ಬಡವರ ಮಕ್ಕಳಿಗೆ ಈ ವಿದ್ಯೆಯಿಂದ ಏನು ಪ್ರಯೋಜನವೆಂಬ ಶಂಕೆ ಸಹಜವಾದುದು. ಸರಿಯಾಗಿ ನೋಡುವುದನ್ನೂ ನೋಡಿದುದನ್ನು ತಪ್ಪಿಲ್ಲದೆ ಹೇಳುವುದನ್ನೂ ಕಲಿತ ಮನಸ್ಸು ಯಾವ ಕೆಲಸಕ್ಕಾದರೂ ಸಮರ್ಥವಾಗುತ್ತದೆಂಬುದು ಹೆನ್ಸ್ಲೋವಿನ ನಿಲುವು. ರಾಜಕುಮಾರ ಆಲ್ಬರ್ಟನ ಕೋರಿಕೆಯಂತೆ ಆತನು ಅರಮನೆಗೆ ಹೋಗಿ ರಾಣಿಯ ಮಕ್ಕಳಿಗೂ ಪಾಠ ಹೇಳಿದನು. ಆಗಲೂ ಆತನ ಸರಳವಾದ ಕ್ರಮವು ಬದಲಾಗಲಿಲ್ಲ.

ಹಳ್ಳಿಗರು ಹೊರಗಿನ ಲೋಕವನ್ನೂ ಕಾಣಬೇಕೆಂಬುದು ಆತನ ಇನ್ನೊಂದು ಹಂಬಲ. ರೈಲುಮಾರ್ಗಗಳು ಆಗತಾನೆ ಹರಡುತ್ತಿದ್ದವು. 1854ರಲ್ಲಿ ಆತನು 200ಕ್ಕೂ ಹೆಚ್ಚು ಮಂದಿ ಹಳ್ಳಿಗರನ್ನು ಕೇಂಬ್ರಿಜ್‌ಗೆ ಕರೆದೊಯ್ದನು. ನೇಗಿಲು ಹಿಡಿದ ಕೈಗಳವರು ಅಂದು ವಿದ್ಯಾಲಯದ ಭವನಗಳಲ್ಲಿ ಅತಿಥಿಗಳಾಗಿ ಸಂಚರಿಸಿದರು. ಆತನ ಪ್ರಯತ್ನದಿಂದ ರೂಪುಗೊಂಡು 1846ರಲ್ಲಿ ತೆರೆದಿದ್ದ ಹೊಸ ಸಸ್ಯೋದ್ಯಾನವೂ ಆ ನಗರದಲ್ಲಿಯೇ ಇತ್ತು.

1859ರಲ್ಲಿ ಡಾರ್ವಿನ್ನನ ಜೀವವಿಕಾಸದ ಗ್ರಂಥವು ಹೊರಬಂದಿತು. ಹೆನ್ಸ್ಲೋ ಅದರ ಸಿದ್ಧಾಂತವನ್ನು ಪೂರ್ಣವಾಗಿ ಒಪ್ಪಲಿಲ್ಲ. ಆದರೆ ಶಿಷ್ಯನ ಪ್ರಾಮಾಣಿಕತೆಯಲ್ಲಿ ಆತನಿಗೆ ಸಂದೇಹವಿರಲಿಲ್ಲ. 1860ರಲ್ಲಿ ಆಕ್ಸ್‌ಫರ್ಡಿನಲ್ಲಿ ಆ ಗ್ರಂಥವನ್ನು ಕುರಿತು ಬಿರುಸಾದ ವಾದ ನಡೆದಾಗ ಸಭೆಯ ಅಧ್ಯಕ್ಷ ಸ್ಥಾನದಲ್ಲಿದ್ದವನು ಹೆನ್ಸ್ಲೋ. ಅಭಿಪ್ರಾಯಭೇದವು ಗುರುಶಿಷ್ಯರ ಸ್ನೇಹವನ್ನು ಕದಡಲಿಲ್ಲ.

1861ರ ಮೇ 16ರಂದು ಹೆನ್ಸ್ಲೋ ಹಿಚ್ಚಮ್‌ನಲ್ಲಿಯೇ ನಿಧನ ಹೊಂದಿದನು. ಆತನ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಆತನು ಬಿಟ್ಟುಹೋದ ಬರಹಗಳ ಆಧಾರದಿಂದ ಡೇನಿಯಲ್ ಆಲಿವರ್ ಎಂಬ ವಿದ್ವಾಂಸನು 1864ರಲ್ಲಿ ಒಂದು ಸಸ್ಯಶಾಸ್ತ್ರ ಪ್ರವೇಶಿಕೆಯನ್ನು ಪ್ರಕಟಿಸಿದನು. ಅದೇ ಮಾದರಿಯಲ್ಲಿ 1869ರಲ್ಲಿ ಭಾರತದ ವಿದ್ಯಾರ್ಥಿಗಳಿಗಾಗಿ ಇನ್ನೊಂದು ಪುಸ್ತಕವನ್ನು ಬರೆದನು. ಭಾರತದ ಸಸ್ಯಸಂಪತ್ತನ್ನು ಏಳು ಸಂಪುಟಗಳಲ್ಲಿ ವರ್ಣಿಸಿದ ಜೋಸೆಫ್ ಹುಕರನು ಹೆನ್ಸ್ಲೋವಿನ ಅಳಿಯ. ಹೀಗೆ ಹಿಚ್ಚಮ್ ಶಾಲೆಯ ಬೆಳಕು ನಮ್ಮ ದೇಶದವರೆಗೂ ಹರಿಯಿತು.

ಹೆನ್ಸ್ಲೋ ಹೊಸ ಸಿದ್ಧಾಂತವನ್ನು ಕಟ್ಟಲಿಲ್ಲ. ಹೊಸ ಖಂಡವನ್ನು ಕಾಣಲಿಲ್ಲ. ಕೂಲಿಯವನ ಮಗುವೂ ಪ್ರಾಧ್ಯಾಪಕನ ಶಿಷ್ಯನೂ ಒಂದೇ ಹೂವನ್ನು ಒಂದೇ ಬಗೆಯಲ್ಲಿ ಅರಿಯಬಲ್ಲರೆಂಬುದನ್ನು ಮಾತ್ರ ಮಾಡಿ ತೋರಿಸಿದನು. ಇದಕ್ಕಿಂತ ಹೆಚ್ಚಿನದನ್ನು ಒಬ್ಬ ಗುರುವಿನಿಂದ ಲೋಕವು ಬಯಸಬೇಕಾಗಿಲ್ಲ.