ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಬಡರೋಗಿಯ ಲೆಕ್ಕ

ಬಡವರಿಗಾಗಿ ಆಸ್ಪತ್ರೆ ತೆರೆದವರ ದಯೆಯನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ಆ ಆಸ್ಪತ್ರೆ ಯಾವ ಹಣದಿಂದ ನಡೆಯಿತೆಂದು ವಿಚಾರಿಸುವುದು ಅಪರೂಪ. ಯೇಸುಸಭೆಯ ವಂದನೀಯ ಫಾದರ್ ಆಗಸ್ಟಸ್ ಮುಲ್ಲರ್ ಅವರ ಜೀವನ ಈ ವಿಚಾರಣೆಗೆ ನಮ್ಮನ್ನು ಕರೆಯುತ್ತದೆ.

1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದ ಅವರು 1878ರ ಡಿಸೆಂಬರ್ 31ರಂದು ಯೇಸುಸಭೆಯ ಗುರುಗಳೊಡನೆ ಮಂಗಳೂರಿಗೆ ಆಗಮಿಸಿದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದುಕೊಂಡೇ ವಿದ್ಯಾರ್ಥಿಗಳಿಗೂ ನೆರೆಹೊರೆಯವರಿಗೂ ಹೋಮಿಯೋಪಥಿ ಔಷಧ ಕೊಡತೊಡಗಿದರು. 1880ರಲ್ಲಿ ಆರಂಭವಾದ ಬಡವರ ಔಷಧಾಲಯವು ಕಂಕನಾಡಿಯಲ್ಲಿ ಬೇರೂರಿತು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮವನ್ನೂ, 1902ರಲ್ಲಿ ಪ್ಲೇಗು ಪೀಡಿತರಿಗೆ ಆಸ್ಪತ್ರೆಯನ್ನೂ ಅವರು ತೆರೆದರು. ಸ್ವಂತ ಮನೆಯವರೇ ಮುಟ್ಟಲು ಹಿಂಜರಿಯುತ್ತಿದ್ದ ರೋಗಿಗಳಿಗೆ ಅಲ್ಲಿ ಹಾಸಿಗೆ ದೊರೆಯಿತು.

ಕೈಯಲ್ಲಿ ಕಾಸಿಲ್ಲದವರೇ ಬರುವ ಕಡೆ ಖರ್ಚು ತೂಗಿಸುವುದು ಹೇಗೆ? ಫಾದರ್ ಮುಲ್ಲರ್ ಹೊರದೇಶದಿಂದ ಔಷಧಗಳನ್ನು ತರಿಸಿ ದೇಶದ ನಾನಾ ಭಾಗಗಳಿಗೆ ಮಾರಾಟಕ್ಕೆ ಕಳುಹಿಸಿದರು. ಕೊಳ್ಳಬಲ್ಲವರು ತೆತ್ತ ಹಣ ಕೊಳ್ಳಲಾರದವರ ಆರೈಕೆಗೆ ಸಂದಿತು. ದಯೆಗೆ ಲೆಕ್ಕಪತ್ರವೂ ಬೇಕೆಂಬುದನ್ನು ಅವರು ಅರಿತಿದ್ದರು. 1907ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಪದಕ ಗೌರವ ತರುತ್ತದೆ, ಔಷಧ ತರುವುದಿಲ್ಲ. ಬಡರೋಗಿಯ ವೆಚ್ಚದಲ್ಲಿ ಸರಕಾರಕ್ಕೂ ಪಾಲಿದೆಯೆಂಬ ತತ್ತ್ವವು ಕಾಲಕ್ರಮದಲ್ಲಿ ಬೇರೂರಿತು. ಅಮೆರಿಕದಲ್ಲಿ 1981ರ ಕಾನೂನು, ಬಡವರನ್ನು ಅಧಿಕವಾಗಿ ನೋಡಿಕೊಳ್ಳುವ ಆಸ್ಪತ್ರೆಗಳ ಪರಿಸ್ಥಿತಿಯನ್ನು ಹಣ ನೀಡುವಾಗ ಗಮನಿಸಬೇಕೆಂದು ವಿಧಿಸಿತು. ನಮ್ಮ ಗುಲಬರ್ಗಾ ವಿಭಾಗದಲ್ಲಿಯೇ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲಾಗಿ ಜಾರಿಗೆ ಬಂದಿತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ.

ಆದರೂ ಒಂದು ನ್ಯಾಯ ಉಳಿದಿದೆ. ಪ್ರತಿ ಚಿಕಿತ್ಸೆಗೂ ಸರಕಾರ ನಿಗದಿಪಡಿಸಿದ ದರ ನಿಜವಾದ ಖರ್ಚಿಗೆ ಸಾಲದಿದ್ದರೆ, ಶ್ರೀಮಂತ ರೋಗಿಗಳಿರುವ ಆಸ್ಪತ್ರೆ ಹೇಗೋ ಸರಿದೂಗಿಸೀತು. ಬಡವರೇ ತುಂಬಿರುವ ಆಸ್ಪತ್ರೆ ಯಾರಿಂದ ತುಂಬಿಸಿಕೊಳ್ಳಬೇಕು? ಅಂಥ ಆಸ್ಪತ್ರೆ ಸೊರಗಿದರೆ, ಆಳಂದದ ಕಡೆಯ ಕೂಲಿಕಾರನು ಕಲಬುರಗಿಗೋ ಸೊಲ್ಲಾಪುರಕ್ಕೋ ಸಾಲ ಮಾಡಿ ಹೋಗಬೇಕಾದೀತು. ಹೆಚ್ಚು ಬಡವರನ್ನು ನೋಡುವವರಿಗೆ ಹೆಚ್ಚಿನ ನೆರವು ಸಲ್ಲುವುದು ಭಿಕ್ಷೆಯಲ್ಲ, ನ್ಯಾಯ.

ನಮ್ಮ ಕುಟುಂಬಗಳು ಕಾಣಿಕೆ ನೀಡುವುದನ್ನು ನಿಲ್ಲಿಸದಿರಲಿ. ಅದರೊಡನೆ, ನೆರೆಯ ಬಡವರಿಗೆ ಈ ಯೋಜನೆಯ ಕಾರ್ಡು ದೊರಕಿಸಿಕೊಡಲಿ. ಮತ ಕೇಳಲು ಬರುವವರೊಡನೆ ಆಸ್ಪತ್ರೆಗಳ ಅನುದಾನದ ಮಾತನ್ನೂ ಎತ್ತಲಿ. ಫಾದರ್ ಮುಲ್ಲರ್ ಅವರಿಗೆ ನಾವು ಸಲ್ಲಿಸಬಹುದಾದ ಸ್ಮರಣೆ ಇದು.