ಬಡವರ ವೈದ್ಯ ಫಾದರ್ ಆಗಸ್ಟಸ್ ಮುಲ್ಲರ್

ಮಂಗಳೂರಿನ ಕಂಕನಾಡಿ ಎಂದ ಕೂಡಲೇ ನಮಗೆ ನೆನಪಾಗುವುದು ಫಾದರ್ ಮುಲ್ಲರ್ ಆಸ್ಪತ್ರೆ. ಕರಾವಳಿಯ ಎಷ್ಟೋ ಕುಟುಂಬಗಳಿಗೆ ಹುಟ್ಟು, ಕಾಯಿಲೆ, ಸಾವು ಎಲ್ಲದರಲ್ಲೂ ಈ ಹೆಸರಿನ ನಂಟಿದೆ. ಆದರೆ ಆ ಹೆಸರಿನ ಗುರುಗಳು ಯಾರೆಂದು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

ಆಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫೇಲಿಯಾದಲ್ಲಿ ಜನಿಸಿದರು. ಯೇಸುಸಭೆ ಸೇರಿ ಗುರುಗಳಾದರು. ಅತ್ತ ಮಂಗಳೂರಿನ ಕಥೋಲಿಕ ಕ್ರೈಸ್ತರು ತಮ್ಮ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಯೇಸುಸಭೆಯ ಗುರುಗಳನ್ನು ಕಳುಹಿಸಿಕೊಡುವಂತೆ ರೋಮಿಗೆ ಮನವಿ ಮಾಡಿದ್ದರು. 1878ರಲ್ಲಿ ಜಗದ್ಗುರು 13ನೇ ಲಿಯೋ ಮಂಗಳೂರು ಮಿಷನ್ನಿನ ಹೊಣೆಯನ್ನು ಯೇಸುಸಭೆಗೆ ಒಪ್ಪಿಸಿದರು. ಅದೇ ವರ್ಷ ಡಿಸೆಂಬರ್ 31ರಂದು ಇಲ್ಲಿಗೆ ಬಂದಿಳಿದ ಮೊದಲ ತಂಡದಲ್ಲಿ ಫಾದರ್ ಮುಲ್ಲರ್ ಇದ್ದರು.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾದಾಗ ಅವರು ಅಲ್ಲಿ ಪಾಠ ಹೇಳಿದರು. ಅವರಿಗೆ ಹೋಮಿಯೋಪಥಿ ತಿಳಿದಿತ್ತು. ಪಾಠದ ನಡುವೆ ಕಾಯಿಲೆಯವರಿಗೆ ಔಷಧಿ ಕೊಡತೊಡಗಿದರು. ಅದೇ ವರ್ಷ ಬಡವರಿಗಾಗಿ ಔಷಧಾಲಯ ಹುಟ್ಟಿಕೊಂಡಿತು. ಕಂಕನಾಡಿಯ ಆಲದ ಮರದ ಕೆಳಗೆ ಅವರು ರೋಗಿಗಳನ್ನು ನೋಡುತ್ತಿದ್ದರೆಂದು ಹಿರಿಯರಿಂದ ನಾವು ಕೇಳಿದ್ದೇವೆ.

ಹಣಕ್ಕೆ ಅವರು ಕಂಡುಕೊಂಡ ದಾರಿ ಗಮನಿಸಬೇಕಾದದ್ದು. ಕಂಕನಾಡಿಯಿಂದ ಹೋಮಿಯೋಪಥಿ ಔಷಧಿಗಳು ದೂರದೂರದ ಊರುಗಳಿಗೆ ಮಾರಾಟವಾಗುತ್ತಿದ್ದವು. ಆ ಆದಾಯ ಬಡ ರೋಗಿಗಳ ಸೇವೆಗೆ ಸಲ್ಲುತ್ತಿತ್ತು. ಬರೀ ಕಾಣಿಕೆಯನ್ನೇ ನಂಬಿ ಅವರು ಕೂರಲಿಲ್ಲ.

1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯ ತೆರೆದರು. ಆ ಕಾಲದಲ್ಲಿ ಈ ರೋಗಕ್ಕೆ ಗುಣಪಡಿಸುವ ಮದ್ದು ಇರಲಿಲ್ಲ. ಪರಿಣಾಮಕಾರಿ ಔಷಧಿ ಬಂದದ್ದು 1940ರ ದಶಕದಲ್ಲಿ. ಮನೆಯವರೇ ಹೊರಗಿಟ್ಟ ಜನರಿಗೆ ಅವರು ಕೊಡಬಹುದಾಗಿದ್ದದ್ದು ಸೂರು, ಊಟ, ಗಾಯಕ್ಕೆ ಆರೈಕೆ, ಒಂದು ಒಳ್ಳೆಯ ಮಾತು. ಗುಣವಾಗುವುದಿಲ್ಲ ಎಂದು ತಿಳಿದೂ ಕೈಬಿಡದಿರುವುದೇ ದೊಡ್ಡ ಸೇವೆ ಎಂದು ನಮಗನಿಸುತ್ತದೆ. ಮುಂದೆ ಪ್ಲೇಗ್ ಹಬ್ಬಿದಾಗ, 1902ರಲ್ಲಿ, ಅದಕ್ಕೂ ಪ್ರತ್ಯೇಕ ಆಸ್ಪತ್ರೆ ಕಟ್ಟಿಸಿದರು.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಫಾದರ್ ಮುಲ್ಲರ್ ದೈವಾಧೀನರಾದರು. ಈ ಹೊತ್ತಿಗೆ ಮಂಗಳೂರು ಆಗಲೇ ಧರ್ಮಪ್ರಾಂತ್ಯವಾಗಿತ್ತು. ಅವರ ಕೆಲಸ ಅವರೊಂದಿಗೆ ನಿಲ್ಲಲಿಲ್ಲ. ಸಂಸ್ಥೆಗಳು ಧರ್ಮಪ್ರಾಂತ್ಯದ ಆಡಳಿತಕ್ಕೆ ಬಂದವು. ಬಿಷಪರೇ ಅವುಗಳ ಅಧ್ಯಕ್ಷರು. 1985ರಲ್ಲಿ ಹೋಮಿಯೋಪಥಿ ಕಾಲೇಜು, 1999ರಲ್ಲಿ ಮೆಡಿಕಲ್ ಕಾಲೇಜು ಆರಂಭವಾದವು.

ರೋಮಿನಿಂದ ಬಂದ ಒಂದು ಆದೇಶ, ಊರಿನವರ ಒಂದು ಮನವಿ, ಒಬ್ಬ ಗುರುಗಳ ಔಷಧಿ ಪೆಟ್ಟಿಗೆ - ಈ ಮೂರೂ ಸೇರಿ ಇಷ್ಟು ದೊಡ್ಡ ಸೇವೆಯಾಯಿತು. ಕಟ್ಟಡಗಳು ಬೆಳೆದಿವೆ. ಬಾಗಿಲಲ್ಲಿ ನಿಂತ ಬಡ ರೋಗಿಗೆ ಅಂದು ಸಿಕ್ಕ ಸ್ವಾಗತ ಇಂದೂ ಸಿಗುತ್ತಿದೆಯೇ ಎಂದು ಕೇಳಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರೊಬ್ಬರ ಮನೆಗೆ ಈ ವಾರ ಹೋಗಿಬಂದರೆ, ಅದೇ ಫಾದರ್ ಮುಲ್ಲರ್ ಅವರಿಗೆ ನಾವು ಸಲ್ಲಿಸುವ ಗೌರವ.