ಬ್ರೂಸ್ ಮೆಕ್ಲಾರೆನ್: ಬಿಡಿ ಭಾಗಗಳಿಂದ ಬೆಳೆದ ಬಾಳು

ಇಂಗ್ಲೆಂಡಿನ ವೋಕಿಂಗ್ ಪಟ್ಟಣದ ಬಳಿ ಮೆಕ್ಲಾರೆನ್ ಕಂಪೆನಿಯ ಭಾರೀ ಕಟ್ಟಡವಿದೆ. ಅದರ ಒಳಗೆ ಲೋಕಪ್ರಸಿದ್ಧ ಪಂದ್ಯಗಳನ್ನು ಗೆದ್ದ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಅವುಗಳ ಜೊತೆಗೇ, ಸೈಕಲ್ಲಿನಂತೆ ಕಡ್ಡಿ ಚಕ್ರಗಳಿರುವ ಒಂದು ಪುಟ್ಟ ಹಳೆಯ ಕಾರೂ ಇದೆ. ಆಸ್ಟಿನ್ ಸೆವೆನ್ ಅಲ್‌ಸ್ಟರ್ ಎಂದು ಅದರ ಹೆಸರು; 1929ರಲ್ಲಿ ತಯಾರಾದುದು. ಅದರ ಇಂಜಿನು 747 ಸಿ.ಸಿ. ಮಾತ್ರ. ಅಂದರೆ ನಮ್ಮ ರಸ್ತೆಗಳಲ್ಲಿ ಓಡಾಡಿದ ಮಾರುತಿ 800 ಕಾರಿನ ಇಂಜಿನಿಗಿಂತಲೂ ಚಿಕ್ಕದು.

ಇಷ್ಟು ಸಣ್ಣ ಕಾರಿಗೆ ಅಲ್ಲಿ ಅಂಥ ಮರ್ಯಾದೆ ಏಕೆ? ಆ ಕಂಪೆನಿಯನ್ನು ಕಟ್ಟಿದ ಬ್ರೂಸ್ ಮೆಕ್ಲಾರೆನ್ ಅವರ ಕಥೆ ತೊಡಗುವುದೇ ಆ ಕಾರಿನಿಂದ. ಕಾರಿನ ಪಂದ್ಯವೆಂದರೆ ಹಣವಂತರ ಹುಚ್ಚು ಎಂದು ತಿಳಿದಿರುವ ನಮ್ಮಂಥ ಮಾಸ್ತರರಿಗೂ, ನಮ್ಮ ಮಕ್ಕಳಿಗೂ ಈ ಕಥೆಯಲ್ಲಿ ಕಲಿಯತಕ್ಕ ವಿಷಯವಿದೆ.

ಗಾಲಿಯ ಮಂಚದ ಮೇಲೆ

ಬ್ರೂಸ್ ಹುಟ್ಟಿದ್ದು 1937ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ. ತಂದೆ ಲೆಸ್, ತಾಯಿ ರೂತ್. ತಂದೆಯವರು ರೆಮುಎರಾ ಎಂಬಲ್ಲಿ ಪೆಟ್ರೋಲ್ ಬಂಕು ಮತ್ತು ಕಾರು ರಿಪೇರಿಯ ಗ್ಯಾರೇಜು ನಡೆಸುತ್ತಿದ್ದರು. ಕೆಳಗೆ ಗ್ಯಾರೇಜು, ಮೇಲೆ ಮನೆ. ಲೆಸ್ ಒಂದು ಕಾಲದಲ್ಲಿ ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದವರು. ಹೀಗೆ ಹುಡುಗನಿಗೆ ಸ್ಪ್ಯಾನರಿನ ಸದ್ದು, ಎಣ್ಣೆಯ ವಾಸನೆ ತೊಟ್ಟಿಲಿನಿಂದಲೇ ಪರಿಚಯ.

ಒಂಬತ್ತನೆಯ ವಯಸ್ಸಿನಲ್ಲಿ ಬ್ರೂಸನಿಗೆ ಸೊಂಟದ ಕೀಲಿನ ಕಾಯಿಲೆಯೊಂದು ತಗಲಿತು. ಪರ್ಥೆಸ್ ರೋಗ ಎಂದು ಅದರ ಹೆಸರು. ತೊಡೆಯ ಎಲುಬಿನ ತುದಿಗೆ ರಕ್ತಸಂಚಾರ ಕಡಿಮೆಯಾಗಿ ಎಲುಬು ಕುಸಿಯುತ್ತ ಬರುವ ಕಾಯಿಲೆ. ವಿಲ್ಸನ್ ಹೋಮ್ ಎಂಬ ಮಕ್ಕಳ ಚಿಕಿತ್ಸಾಲಯದಲ್ಲಿ, ಕಾಲುಗಳನ್ನು ಚೌಕಟ್ಟಿಗೆ ಬಿಗಿದು, ಹುಡುಗನನ್ನು ಸುಮಾರು ಎರಡು ವರ್ಷಗಳ ಕಾಲ ಗಾಲಿಗಳಿದ್ದ ಮಂಚದ ಮೇಲೆ ಮಲಗಿಸಿದರು. ಆ ಮಂಚಗಳನ್ನೇ ತಳ್ಳಿಕೊಂಡು ಮಕ್ಕಳು ಓಣಿಯಲ್ಲಿ ಪಂದ್ಯ ಕಟ್ಟುತ್ತಿದ್ದರಂತೆ. ಬ್ರೂಸ್ ಎದ್ದು ನಡೆದನೇನೋ ಹೌದು. ಆದರೆ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿಯೇ ಉಳಿಯಿತು. ಆ ಕುಂಟು ಬಾಳಿನುದ್ದಕ್ಕೂ ಜೊತೆಗಿತ್ತು. ಓಟ, ಫುಟ್‌ಬಾಲು ಮುಂತಾದ ಆಟಗಳು ಅಲ್ಲಿಗೇ ಮುಗಿದವು.

ಪೆಟ್ಟಿಗೆಗಳಲ್ಲಿ ಬಂದ ಕಾರು

ಆ ದಿನಗಳಲ್ಲಿ ತಂದೆಯವರು ಹಳೆಯ ಅಲ್‌ಸ್ಟರ್ ಕಾರೊಂದನ್ನು 110 ಪೌಂಡು ಕೊಟ್ಟು ತಂದರು. ತಂದದ್ದು ಕಾರನ್ನಲ್ಲ, ಕಾರಿನ ಬಿಡಿ ಭಾಗಗಳನ್ನು. ಜೋಡಿಸಿ ಲಾಭಕ್ಕೆ ಮಾರಿಬಿಡುವುದು ಅವರ ಆಲೋಚನೆ. ಮಗ ಕಾಡಿ ಬೇಡಿ ಅದನ್ನು ಮಾರದಂತೆ ತಡೆದ. ಅಪ್ಪ ಮಗ ಕೂಡಿ ಒಂದೊಂದೇ ಭಾಗವನ್ನು ಉಜ್ಜಿ, ತೊಳೆದು, ಸವೆದುದನ್ನು ಬದಲಿಸಿ, ಕಾರನ್ನು ನಿಲ್ಲಿಸಿದರು. ಮನೆಯ ಹಿತ್ತಿಲಿನ ಹಣ್ಣಿನ ಮರಗಳ ಸುತ್ತ ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ ಬ್ರೂಸ್ ಅದನ್ನು ಓಡಿಸಲು ಕಲಿತ.

ಆ ಕಾಲದ ಆಸ್ಟಿನ್ ಸೆವೆನ್ ಬಡವರ ಪಾಠಶಾಲೆಯಂತಿತ್ತು. ಇಂಜಿನಿನ ತಲೆಯನ್ನು ಸ್ವಲ್ಪ ಹೆರೆದರೆ ಒಳಗಿನ ಒತ್ತಡ ಏರಿ ಶಕ್ತಿ ಹೆಚ್ಚುತ್ತದೆ; ಆದರೆ ಬಿಸಿಯೂ ಹೆಚ್ಚುತ್ತದೆ. ದೊಡ್ಡ ಕಾರ್ಬೊರೇಟರು ಹಾಕಿದರೆ ವೇಗ ಬರುತ್ತದೆ; ಆದರೆ ನಿಧಾನವಾಗಿ ಹೋಗುವಾಗ ಇಂಜಿನು ಕೆಮ್ಮುತ್ತದೆ. ಸ್ಪ್ರಿಂಗು ಬಿಗಿ ಮಾಡಿದರೆ ತಿರುವಿನಲ್ಲಿ ಕಾರು ವಾಲುವುದಿಲ್ಲ; ಆದರೆ ಹೊಂಡದ ರಸ್ತೆಯಲ್ಲಿ ಬೆನ್ನು ಮುರಿಯುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಕೊಡಬೇಕು. ಅದರಲ್ಲೂ ಈ ಕಾರಿನ ಬ್ರೇಕು ಬರೇ ತಂತಿಯಿಂದ ಎಳೆಯುವಂಥದು. ಆಗಾಗ ಬಿಗಿ ನೋಡದಿದ್ದರೆ ನಿಲ್ಲುವ ಭರವಸೆಯಿಲ್ಲ. ಅದೇ ಕಾರಿನಲ್ಲಿ ಪಂದ್ಯದ ಸ್ಥಳಕ್ಕೆ ಹೋಗಿ, ಪಂದ್ಯದಲ್ಲಿ ಓಡಿಸಿ, ಅದೇ ಕಾರಿನಲ್ಲಿ ಮನೆಗೆ ಮರಳುವವರು ಆ ಕಾಲದಲ್ಲಿ ಬಹಳ ಮಂದಿ. ಆದ್ದರಿಂದ ಗೆಲ್ಲುವುದಕ್ಕಿಂತ ಮೊದಲು, ಕಾರು ಮುರಿಯದಂತೆ ನೋಡಿಕೊಳ್ಳುವುದು ವಿದ್ಯೆಯಾಗಿತ್ತು.

1952ರಲ್ಲಿ ಮುರಿವಾಯಿ ಎಂಬಲ್ಲಿ ನಡೆದ ಗುಡ್ಡ ಏರುವ ಪಂದ್ಯದಲ್ಲಿ ಹದಿನೈದರ ಹುಡುಗ ತನ್ನ 750 ಸಿ.ಸಿ. ವರ್ಗದಲ್ಲಿ ಮೊದಲಿಗನಾದ. ಮೈದಾನದಲ್ಲಿ ಹಿಂದೆ ಉಳಿಯುತ್ತಿದ್ದ ಕಾಲು, ಪೆಡಲಿನ ಮೇಲೆ ಯಾರಿಗೂ ಕಡಿಮೆಯಿರಲಿಲ್ಲ.

ಪರದೇಶದ ದಾರಿ

ಬಳಿಕ ಬ್ರೂಸ್ ಹೆಚ್ಚು ಶಕ್ತಿಯ ಕಾರುಗಳತ್ತ ತಿರುಗಿದರು. ಫೋರ್ಡ್ ಟೆನ್, ಆಸ್ಟಿನ್ ಹೀಲಿ, ಆಮೇಲೆ ಇಂಗ್ಲೆಂಡಿನ ಕೂಪರ್ ಕಾರು. ಇಂಜಿನಿಯರಿಂಗ್ ಕಾಲೇಜಿಗೆ ಸೇರಿದರೂ ಓದು ಪೂರ್ತಿಯಾಗಲಿಲ್ಲ. 1958ರಲ್ಲಿ, ಯೂರೋಪಿಗೆ ಒಬ್ಬ ಯುವ ಚಾಲಕನನ್ನು ಕಳುಹಿಸಲೆಂದು ನ್ಯೂಜಿಲೆಂಡಿನಲ್ಲಿ ಏರ್ಪಡಿಸಿದ್ದ ವಿದ್ಯಾರ್ಥಿವೇತನಕ್ಕೆ ಅವರು ಆಯ್ಕೆಯಾದರು. ಅದೇ ವರ್ಷ ಜರ್ಮನಿಯ ನೂರ್‌ಬರ್ಗ್‌ರಿಂಗ್ ಪಂದ್ಯದಲ್ಲಿ, ದೊಡ್ಡ ಕಾರುಗಳ ಜೊತೆ ಸಣ್ಣ ವರ್ಗದ ಕಾರನ್ನು ಓಡಿಸಿ, ತಮ್ಮ ವರ್ಗದಲ್ಲಿ ಪ್ರಥಮರಾಗಿ, ಒಟ್ಟಿನಲ್ಲಿ ಐದನೆಯವರಾಗಿ ಬಂದರು.

ಕೂಪರ್ ತಂಡದಲ್ಲಿ ಅವರಿಗೆ ಹಿರಿಯಣ್ಣನಂತೆ ದೊರೆತವರು ಆಸ್ಟ್ರೇಲಿಯದ ಜ್ಯಾಕ್ ಬ್ರಾಬಮ್. 1959ರ ಡಿಸೆಂಬರಿನಲ್ಲಿ ಅಮೆರಿಕದ ಸೀಬ್ರಿಂಗಿನಲ್ಲಿ ಮುಂದಿದ್ದ ಬ್ರಾಬಮರ ಕಾರಿನಲ್ಲಿ ಕೊನೆಯ ಸುತ್ತಿನಲ್ಲಿ ಪೆಟ್ರೋಲು ಮುಗಿಯಿತು. ಹಿಂದಿದ್ದ ಬ್ರೂಸ್ ಗೆದ್ದರು. ಬ್ರಾಬಮ್ ಕಾರನ್ನು ತಳ್ಳಿಕೊಂಡೇ ಗೆರೆ ದಾಟಿ ನಾಲ್ಕನೆಯವರಾದರು ಮತ್ತು ಆ ವರ್ಷದ ವಿಶ್ವ ಚಾಂಪಿಯನರೂ ಆದರು. ಬ್ರೂಸರಿಗೆ ಆಗ 22 ವರ್ಷ, 104 ದಿನ. ಗ್ರಾಂಡ್ ಪ್ರಿ ಗೆದ್ದ ಅತ್ಯಂತ ಕಿರಿಯನೆಂಬ ಆ ದಾಖಲೆ 2003ರ ತನಕ ಉಳಿಯಿತು. 1960ರಲ್ಲಿ ಅವರು ವಿಶ್ವ ಚಾಂಪಿಯನ್ ಪದವಿಯ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದರು. 1962ರಲ್ಲಿ ಮೊನಾಕೊ ಪಂದ್ಯವನ್ನು ಗೆದ್ದರು.

ಆದರೂ, ಇನ್ನೊಬ್ಬರು ಕಟ್ಟಿಕೊಟ್ಟ ಕಾರನ್ನು ಓಡಿಸುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. 1963ರಲ್ಲಿ ಸ್ವಂತ ಕಂಪೆನಿ ಸ್ಥಾಪಿಸಿದರು. ಲಂಡನ್ನಿನ ಹತ್ತಿರದ ನ್ಯೂ ಮಾಲ್ಡೆನ್‌ನಲ್ಲಿ ಮಣ್ಣು ನೆಲದ ಒಂದು ಶೆಡ್ಡು. ರಸ್ತೆ ಮಟ್ಟ ಮಾಡುವ ಯಂತ್ರವನ್ನೂ ಅದರೊಳಗೇ ನಿಲ್ಲಿಸುತ್ತಿದ್ದರಂತೆ. ಅಲ್ಲಿ ಕೆಲವೇ ಮಂದಿ ಮೆಕ್ಯಾನಿಕ್ಕುಗಳು. ಯಜಮಾನರೂ ತೋಳು ಮಡಚಿ ಅವರ ಜೊತೆ ಕೆಲಸಕ್ಕಿಳಿಯುತ್ತಿದ್ದರು. ತಂಡದ ಎಳೆಯ ಚಾಲಕ ಟಿಮ್ಮಿ ಮೇಯರ್ 1964ರ ಆರಂಭದಲ್ಲಿ ಟಾಸ್ಮೇನಿಯದ ಲಾಂಗ್‌ಫರ್ಡಿನಲ್ಲಿ ಅಭ್ಯಾಸದ ವೇಳೆ ಮೃತಪಟ್ಟರು. ಈ ಉದ್ಯೋಗದ ಬೆಲೆ ಏನೆಂಬುದು ಆಗಲೇ ಬ್ರೂಸರಿಗೆ ಗೊತ್ತಾಗಿತ್ತು.

ಅಲ್ಲಾಡಿದ ಮುಚ್ಚಳ

ಅದೇ ವರ್ಷ ಅವರು ಅಮೆರಿಕದ ರೋಜರ್ ಪೆನ್ಸ್ಕಿಯವರು ಓಡಿಸುತ್ತಿದ್ದ ಜೆರೆಕ್ಸ್ ಸ್ಪೆಷಲ್ ಎಂಬ ಕಾರನ್ನು ಕೊಂಡರು. ಮೂಲತಃ ಅದು ಕೂಪರ್ ಪಂದ್ಯದ ಕಾರು. ಪೆನ್ಸ್ಕಿ ಅದನ್ನು ಸ್ಪೋರ್ಟ್ಸ್ ಕಾರಾಗಿ ಮಾರ್ಪಡಿಸಿದ್ದರು. ಬ್ರೂಸರ ತಂಡ ಅದರ ನಡುಭಾಗದ ಕೊಳವೆಗಳನ್ನು ಕತ್ತರಿಸಿ ತೆಗೆದು, ಹೆಚ್ಚು ಗಟ್ಟಿಯಾದ ಹೊಸ ಚೌಕಟ್ಟನ್ನು ಬೆಸೆದು, ಅಲ್ಯುಮಿನಿಯಮ್ಮಿನ ಓಲ್ಡ್ಸ್‌ಮೊಬಿಲ್ ಇಂಜಿನನ್ನು ಕೂರಿಸಿತು. ಆ ಕಾರು ಕೆನಡಾದ ಮೊಸ್ಪೋರ್ಟಿನಲ್ಲಿ ಗೆದ್ದಿತು. ಹಳೆಯದನ್ನು ಬಿಚ್ಚಿ ಕಲಿತ ಪಾಠದಿಂದ ಹೊಸದನ್ನು ಕಟ್ಟುವುದು ಅವರ ಕ್ರಮ. ಮೆಕ್ಲಾರೆನ್ ಹೆಸರಿನ ಮೊದಲ ಸ್ಪೋರ್ಟ್ಸ್ ಕಾರು ಆ ವರ್ಷವೇ ಹೊರಬಂತು.

ಅವರ ಬುದ್ಧಿ ಹೇಗೆ ಓಡುತ್ತಿತ್ತೆಂಬುದಕ್ಕೆ ಒಂದು ಪ್ರಸಂಗ ಸಾಕು. ಒಂದು ದಿನ ಹೊಸ ಕಾರನ್ನು ಪರೀಕ್ಷಿಸುತ್ತಿರುವಾಗ, ಮುಂಭಾಗದ ಪೆಟ್ರೋಲ್ ಮುಚ್ಚಳ ಸರಿಯಾಗಿ ಮುಚ್ಚದೆ ಪಟಪಟನೆ ಅಲ್ಲಾಡುವುದು ಕಂಡಿತು. ಮೊದಲು ಹುಡುಗರ ಮೇಲೆ ಸಿಟ್ಟು ಬಂತು. ಆದರೆ ಮರುಕ್ಷಣವೇ ಸಂಶಯ ಹುಟ್ಟಿತು. ವೇಗ ಏರಿದಂತೆ ಗಾಳಿ ಮುಚ್ಚಳವನ್ನು ಕೆಳಕ್ಕೆ ಒತ್ತಬೇಕಲ್ಲವೇ? ಮೇಲಕ್ಕೆ ಏಳುತ್ತಿದೆಯೆಂದರೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚು. ರೇಡಿಯೇಟರಿನ ಮೂಲಕ ಬಂದ ಗಾಳಿಗೆ ಹೊರಹೋಗಲು ದಾರಿಯಿಲ್ಲ! ಕಾರು ನಿಲ್ಲಿಸಿ, ಕತ್ತರಿ ತೆಗೆದುಕೊಂಡು, ರೇಡಿಯೇಟರಿನ ಹಿಂದಿನ ಫೈಬರ್ ಗ್ಲಾಸ್ ಹೊದಿಕೆಯನ್ನು ಅವರೇ ಕತ್ತರಿಸಿ ತೂತು ಮಾಡಿದರು. ಮತ್ತೆ ಓಡಿಸಿದಾಗ ಕಾರು ಮೊದಲಿಗಿಂತ ವೇಗವಾಗಿ ಸುತ್ತು ಮುಗಿಸಿತು. ಆ ಮೂಗಿನ ಹೊಳ್ಳೆಯಂಥ ತೂತುಗಳು ಮುಂದೆ ಮೆಕ್ಲಾರೆನ್ ಕಾರುಗಳ ಗುರುತೇ ಆದವು.

1966ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ, ತಮ್ಮ ದೇಶದವರೇ ಆದ ಕ್ರಿಸ್ ಏಮನ್ ಜೊತೆ 24 ಗಂಟೆ ಸರದಿಯ ಮೇಲೆ ಫೋರ್ಡ್ ಕಾರನ್ನು ಓಡಿಸಿ ಗೆದ್ದರು. 1968ರಲ್ಲಿ ಬೆಲ್ಜಿಯಂ ಗ್ರಾಂಡ್ ಪ್ರಿಯನ್ನು ತಮ್ಮದೇ ಹೆಸರಿನ ಕಾರಿನಲ್ಲಿ ಗೆದ್ದರು. ಮುಂದಿದ್ದ ಜ್ಯಾಕಿ ಸ್ಟೀವರ್ಟ್ ಪೆಟ್ರೋಲಿಗಾಗಿ ನಿಂತದ್ದು ತಿಳಿಯದೆ, ತಾನು ಎರಡನೆಯವನೆಂದೇ ಭಾವಿಸಿ ಬ್ರೂಸ್ ಗೆರೆ ದಾಟಿದ್ದರು. ಕೆನಡಾ ಮತ್ತು ಅಮೆರಿಕದಲ್ಲಿ ನಡೆಯುತ್ತಿದ್ದ ಕ್ಯಾನ್-ಆಮ್ ಪಂದ್ಯಗಳಲ್ಲಂತೂ, 1969ರಲ್ಲಿ ಹನ್ನೊಂದಕ್ಕೆ ಹನ್ನೊಂದನ್ನೂ ಅವರ ಕಿತ್ತಳೆ ಬಣ್ಣದ ಕಾರುಗಳೇ ಗೆದ್ದವು. ಆರು ಬ್ರೂಸರ ಪಾಲಿಗೆ, ಐದು ಗೆಳೆಯ ಡೆನ್ನಿ ಹ್ಯೂಮ್ ಪಾಲಿಗೆ.

ಪಂದ್ಯದ ಕಾರು ರಸ್ತೆಗಿಳಿದಾಗ

ಇಷ್ಟಾದ ಮೇಲೆ ಅವರ ಮನಸ್ಸು ಮತ್ತೆ ಹುಡುಗತನದ ಕಾರಿನತ್ತ ತಿರುಗಿತೆನ್ನಬೇಕು. ಪಂದ್ಯದಲ್ಲೂ ರಸ್ತೆಯಲ್ಲೂ ಓಡುವ ಒಂದೇ ಕಾರು ಏಕಾಗಬಾರದು? ಕ್ಯಾನ್-ಆಮ್ ಕಾರಿಗೆ ಮಾಡು ಕೂರಿಸಿ ಎಂ6ಜಿಟಿ ಎಂಬ ಕಾರು ಸಿದ್ಧವಾಯಿತು. ಲ ಮಾನ್ಸಿನಲ್ಲಿ ಓಡಿಸಬೇಕೆಂಬುದು ಮೊದಲ ಯೋಚನೆ. ಆದರೆ ಐವತ್ತು ಕಾರುಗಳನ್ನು ತಯಾರಿಸಿದ್ದರೆ ಮಾತ್ರ ಪ್ರವೇಶವೆಂಬ ನಿಯಮದಿಂದ ಅದು ಕೈಗೂಡಲಿಲ್ಲ. ಹಾಗಾದರೆ ರಸ್ತೆಯ ಕಾರಾಗಲಿ, ವರ್ಷಕ್ಕೆ 250 ತಯಾರಿಸೋಣ ಎಂದು ಬ್ರೂಸ್ ನಿಶ್ಚಯಿಸಿದರು. ಒಂದು ಕೆಂಪು ಕಾರನ್ನು ರಸ್ತೆಗೆ ನೋಂದಾಯಿಸಿ, ತಾವೇ ದಿನನಿತ್ಯ ಓಡಿಸತೊಡಗಿದರು.

ಇದು ಹೊರಗಿನಿಂದ ಕಾಣುವಷ್ಟು ಸುಲಭದ ಕೆಲಸವಲ್ಲ. ಪಂದ್ಯದ ಇಂಜಿನು ಸದಾ ವೇಗದಲ್ಲಿ ತಿರುಗಲು ಹುಟ್ಟಿದ್ದು. ಪೇಟೆಯ ದಟ್ಟಣೆಯಲ್ಲಿ ನಿಂತರೆ ಕುದಿಯುತ್ತದೆ. ಪಂದ್ಯದ ಬ್ರೇಕು ಕಾದ ಮೇಲೆಯೇ ಹಿಡಿಯುತ್ತದೆ. ತಣ್ಣಗಿರುವಾಗ, ಎದುರಿಗೆ ಮಗು ಅಡ್ಡ ಬಂದರೆ, ಹಿಡಿಯುವ ನಂಬಿಕೆಯಿಲ್ಲ. ಟ್ರ್ಯಾಕಿನಲ್ಲಿ ಕೆಲವೇ ಗಂಟೆ ಓಡಿದ ಕಾರನ್ನು ಮತ್ತೆ ಬಿಚ್ಚಿ ನೋಡಲು ಮೆಕ್ಯಾನಿಕ್ಕುಗಳಿರುತ್ತಾರೆ. ರಸ್ತೆಯ ಕಾರಿಗೆ ಯಾರಿದ್ದಾರೆ? ಇವೆಲ್ಲವನ್ನೂ ಓಡಿಸಿಯೇ ತಿಳಿಯಬೇಕು. ಅದಕ್ಕಾಗಿಯೇ ಅವರು ಆ ಕಾರನ್ನು ಷೋರೂಮಿನಲ್ಲಿಡದೆ ಮನೆಗೆ ಕೊಂಡೊಯ್ದದ್ದು.

ಗುಡ್‌ವುಡ್‌ನ ಆ ದಿನ

1970ರ ಜೂನ್ 2, ಮಂಗಳವಾರ. ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕಿನಲ್ಲಿ ಬ್ರೂಸ್ ಆ ವರ್ಷದ ಕ್ಯಾನ್-ಆಮ್ ಕಾರನ್ನು ಪರೀಕ್ಷಿಸುತ್ತಿದ್ದರು. ಗೆಳೆಯ ಹ್ಯೂಮ್ ಹಿಂದಿನ ತಿಂಗಳು ಇಂಡಿಯಾನಾಪೊಲಿಸ್‌ನಲ್ಲಿ ಬೆಂಕಿ ತಗಲಿ ಕೈ ಸುಟ್ಟುಕೊಂಡಿದ್ದರು. ನೇರ ದಾರಿಯಲ್ಲಿ ಕಾರು ಪೂರ್ಣ ವೇಗದಲ್ಲಿರುವಾಗ ಹಿಂಭಾಗದ ಹೊದಿಕೆ ಕಿತ್ತು ಹಾರಿಹೋಯಿತು. ಗಾಳಿಯ ಬಲದಿಂದ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿದಿದ್ದುದು ಆ ಹೊದಿಕೆಯೇ. ಹಿಡಿತ ತಪ್ಪಿದ ಕಾರು ತಿರುಗಿ, ಟ್ರ್ಯಾಕಿನ ಬದಿಯ ಕಟ್ಟೆಗೆ ಬಡಿಯಿತು. ಬ್ರೂಸ್ ಅಲ್ಲೇ ಕೊನೆಯುಸಿರೆಳೆದರು. ವಯಸ್ಸು 32. ಪತ್ನಿ ಪ್ಯಾಟಿ, ನಾಲ್ಕು ವರ್ಷದ ಮಗಳು ಅಮಾಂಡ ಅವರನ್ನು ಕಳೆದುಕೊಂಡರು.

ಅಲ್ಲಾಡುವ ಮುಚ್ಚಳವೊಂದನ್ನು ನೋಡಿ ಗಾಳಿಯ ಗುಟ್ಟನ್ನು ತಿಳಿದಿದ್ದ ಮನುಷ್ಯನನ್ನು ಗಾಳಿಯೇ ಹೊದಿಕೆ ಕಿತ್ತು ಕೆಡವಿತು. ಯಂತ್ರಕ್ಕೆ ಗುರು ಶಿಷ್ಯರೆಂಬ ಭೇದವಿಲ್ಲ. ಎಷ್ಟೇ ಬಲ್ಲವನಾದರೂ ಪ್ರತಿಸಲವೂ ಪ್ರತಿಯೊಂದು ಬಿಗಿಯನ್ನೂ ನೋಡಲೇಬೇಕು; ನೋಡಿದ ಮೇಲೂ ಒಂದಂಶ ಅಪಾಯ ಉಳಿದೇ ಇರುತ್ತದೆ. ಅದನ್ನು ಅರಿತೇ ಅವರು ಆ ದಾರಿ ಹಿಡಿದಿದ್ದರು.

ಅವರ ಕೆಲಸಗಾರರು ಅಳುತ್ತಲೇ ಕಾರ್ಯಾಗಾರಕ್ಕೆ ಮರಳಿದರು. ಹನ್ನೆರಡು ದಿನಗಳ ಬಳಿಕ ಮೊಸ್ಪೋರ್ಟ್ ಪಂದ್ಯಕ್ಕೆ ಕಾರುಗಳು ಹಾಜರಾದವು. ಡಾನ್ ಗರ್ನಿ ಗೆದ್ದರು. ಬ್ಯಾಂಡೇಜು ಕಟ್ಟಿದ ಕೈಗಳಿಂದಲೇ ಓಡಿಸಿದ ಹ್ಯೂಮ್ ಮೂರನೆಯವರಾದರು. ರಸ್ತೆಯ ಕಾರಿನ ಕನಸು ಮಾತ್ರ ಎರಡು ದಶಕ ನಿದ್ರಿಸಿತು. 1992ರಲ್ಲಿ ಮೆಕ್ಲಾರೆನ್ ಎಫ್1 ಎಂಬ ರಸ್ತೆಯ ಕಾರು ಬೆಳಕಿಗೆ ಬಂತು. ಒಟ್ಟು ತಯಾರಾದದ್ದು 106. ಅದನ್ನೇ ಪಂದ್ಯಕ್ಕಾಗಿ ಮಾರ್ಪಡಿಸಿ 1995ರಲ್ಲಿ ಲ ಮಾನ್ಸಿಗೆ ಕೊಂಡೊಯ್ದಾಗ ಗೆದ್ದು ಬಂತು. ಬ್ರೂಸ್ ಪಂದ್ಯದ ಕಾರನ್ನು ರಸ್ತೆಗೆ ತರಲು ಹೊರಟಿದ್ದರು. ಅವರ ನಂತರದವರು ರಸ್ತೆಯ ಕಾರನ್ನು ಪಂದ್ಯಕ್ಕೆ ಒಯ್ದು ಆ ಲೆಕ್ಕವನ್ನು ಪೂರ್ತಿಗೊಳಿಸಿದರು.

ನಮ್ಮೂರ ಗ್ಯಾರೇಜುಗಳಲ್ಲಿ ಮಸಿ ಬಳಿದ ಅಂಗಿ ತೊಟ್ಟು, ಬಿಚ್ಚಿದ ಇಂಜಿನಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತ ಹುಡುಗರನ್ನು ಕಂಡಾಗ, ಓದು ತಲೆಗೆ ಹತ್ತದವರೆಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಆ ಬಿಡಿ ಭಾಗಗಳೂ ಒಂದು ಪುಸ್ತಕವೇ. ವೋಕಿಂಗಿನ ಆ ಪುಟ್ಟ ಅಲ್‌ಸ್ಟರ್ ಅಷ್ಟನ್ನು ಸಾರುತ್ತ ನಿಂತಿದೆ.